ಮಲಗು ಎನ್ನುವವರು, ನಡೆ ಎನ್ನುವವರು

ಸೊಂಟದ ಆಪರೇಷನ್ ಆದ ಮುದುಕನಿಗೆ ಊರಿನವರು ಕೊಡುವ ಸಲಹೆ ಒಂದೇ: ಮಲಗು. ನೋಡಲು ಬಂದವರು, ಫೋನು ಮಾಡಿದವರು, ಬೀದಿಯ ತುದಿಯ ಹಾಲಿನವನು, ಎಲ್ಲರೂ ಅದನ್ನೇ ಹೇಳಿದರು. ಆಪರೇಷನ್ ಮಾಡಿದ ವೈದ್ಯರು ಮಾತ್ರ ಮಾರನೆಯ ದಿನ ಬೆಳಿಗ್ಗೆಯೇ ಬಂದು ನಡೆ ಎಂದರು. ನನ್ನ ಚೇತರಿಕೆಯೆಲ್ಲ ಈ ಎರಡು ಮಾತುಗಳ ಜಗ್ಗಾಟದಲ್ಲೇ ನಡೆಯಿತು. ಗಾಯ ಒಣಗುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ನನ್ನನ್ನು ಹಾಸಿಗೆಯಲ್ಲಿ ಇರಿಸಬೇಕೆಂಬ ನಮ್ಮವರ ಪ್ರೀತಿಯಿಂದ ತಪ್ಪಿಸಿಕೊಳ್ಳುವುದಕ್ಕೆ ತಿಂಗಳುಗಳೇ ಹಿಡಿದವು.

ನಾನು ದಾವಣಗೆರೆಯಲ್ಲಿ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ವಯಸ್ಸು ಎಪ್ಪತ್ತರ ಆಸುಪಾಸು. ವರ್ಷಗಟ್ಟಲೆ ಓಡುವ ಬಸ್ಸಿನಲ್ಲಿ ನಿಂತೇ ನನ್ನ ಸೊಂಟ ಹಾಳಾಯಿತು ಎಂಬುದು ನನ್ನ ಹೆಂಡತಿಯ ಅಚಲ ನಂಬಿಕೆ. ವೈದ್ಯರು ಅದನ್ನು ಪೂರ್ತಿ ಒಪ್ಪಲಿಲ್ಲ. ವಯಸ್ಸಾದಂತೆ ಬೆನ್ನುಮೂಳೆಗಳ ನಡುವಿನ ಡಿಸ್ಕ್ ನೀರಿನಂಶ ಕಳೆದುಕೊಂಡು ಕುಗ್ಗುತ್ತದೆ, ಹಿಂಬದಿಯ ಕೀಲುಗಳು ದಪ್ಪಗಾಗುತ್ತವೆ, ಒಳಗಿನ ಅಸ್ಥಿರಜ್ಜು ಉಬ್ಬುತ್ತದೆ. ಎಲ್ಲವೂ ಸೇರಿ ನರಗಳು ಹಾಯುವ ದಾರಿಯನ್ನು ಇಕ್ಕಟ್ಟು ಮಾಡುತ್ತವೆ. ಇದಕ್ಕೆ ಲಂಬಾರ್ ಕೆನಾಲ್ ಸ್ಟೆನೋಸಿಸ್ ಎನ್ನುತ್ತಾರೆ. ಜೀವನವಿಡೀ ಗಾದಿಯ ಮೇಲೆ ಕುಳಿತು ಬಟ್ಟೆ ವ್ಯಾಪಾರ ಮಾಡಿದವರಿಗೂ ಇದು ಬರುತ್ತದೆಯಂತೆ. ಹೆಂಡತಿಗೆ ಈ ವಿವರಣೆ ಸಮಾಧಾನ ತರಲಿಲ್ಲ. ಬೈಯಲು ಒಂದು ಬಸ್ ಇದ್ದರೆ ಅವಳಿಗೆ ಅನುಕೂಲ.

ತೊಂದರೆಯ ಮೂಲ ಸೊಂಟದಲ್ಲಿದ್ದರೂ ಕಾಡಿದ್ದು ಕಾಲುಗಳು. ಮನೆಯಿಂದ ಗಡಿಯಾರ ಕಂಬದ ಕಡೆಗೆ ಹೊರಟರೆ ಸ್ವಲ್ಪ ದೂರಕ್ಕೇ ಪೃಷ್ಠದಿಂದ ಶುರುವಾದ ಸೆಳೆತ ತೊಡೆಯ ಹಿಂದೆ ಇಳಿದು ಮೀನಖಂಡಕ್ಕೆ ಬಂದು ನಿಲ್ಲುತ್ತಿತ್ತು. ಪಾದ ಜೋಮು ಹಿಡಿಯುತ್ತಿತ್ತು. ಯಾವುದಾದರೂ ಅಂಗಡಿಯ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕುಳಿತರೆ ಎರಡು ನಿಮಿಷದಲ್ಲಿ ಎಲ್ಲ ಮಾಯ. ಎದ್ದು ನಡೆದರೆ ಮತ್ತೆ ಹಾಜರು. ಮಂಡಿಪೇಟೆಯ ಕಟ್ಟೆಗಳಲ್ಲಿ ಯಾವುದು ನೆರಳಿನದು, ಯಾವ ಅಂಗಡಿಯವನು ಕುಳಿತರೆ ಮುಖ ಸಿಂಡರಿಸುವುದಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು.

ಆದರೆ ಸೈಕಲ್ ಹತ್ತಿದರೆ ನೋವೇ ಇಲ್ಲ! ಕುಂದವಾಡ ಕೆರೆಯವರೆಗೆ ತುಳಿದುಕೊಂಡು ಹೋಗಿ ಬರುತ್ತಿದ್ದೆ. ಇದರಿಂದ ಮನೆಯಲ್ಲಿ ನನ್ನ ಮರ್ಯಾದೆಗೇ ಧಕ್ಕೆ ಬಂತು. ಸೈಕಲ್ ತುಳಿಯಬಲ್ಲ ಮನುಷ್ಯ ಸಂತೆಗೆ ನಡೆಯಲಾರ ಎಂದರೆ ಯಾರು ನಂಬುತ್ತಾರೆ? ನಂಬಿದವರು ವೈದ್ಯರೊಬ್ಬರೇ. ಸೈಕಲ್ ಮಾತು ಕೇಳಿದ ಕೂಡಲೇ ಅವರ ಮುಖ ಅರಳಿತು. ಮುಂದಕ್ಕೆ ಬಾಗಿದಾಗ ನರಗಳ ದಾರಿ ಒಂದಿಷ್ಟು ಅಗಲವಾಗುತ್ತದೆ, ನೆಟ್ಟಗೆ ನಿಂತರೆ ಕಿರಿದಾಗುತ್ತದೆ, ಅದಕ್ಕೇ ಹೀಗೆ ಎಂದರು. ಆದರೂ ಎರಡೂ ಪಾದಗಳ ನಾಡಿ ಮುಟ್ಟಿ ನೋಡಿದರು. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದಾಗ ಮೀನಖಂಡ ಹಿಡಿಯುತ್ತದೆ. ಆದರೆ ಅವರಿಗೆ ಸುಮ್ಮನೆ ನಿಂತರೂ ನೋವು ಇಳಿಯುತ್ತದೆ, ಸೈಕಲ್ ತುಳಿದರೂ ಬರುತ್ತದೆ. ಆಮೇಲೆ ಎಂಆರ್‌ಐ ಆಯಿತು. ನಾಲ್ಕನೆಯ ಮತ್ತು ಐದನೆಯ ಸೊಂಟದ ಮೂಳೆಗಳ ನಡುವೆ ದಾರಿ ಮುಚ್ಚಿಯೇ ಹೋಗಿದೆ ಎನ್ನುವಷ್ಟು ಕಿರಿದಾಗಿತ್ತು.

ಮಾತ್ರೆ, ವ್ಯಾಯಾಮ, ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಎಲ್ಲ ಆದವು. ಇಂಜೆಕ್ಷನ್ ಕೆಲವು ವಾರ ಸುಖ ಕೊಟ್ಟು ಕೈಬಿಟ್ಟಿತು. ಎಣ್ಣೆ ತಿಕ್ಕುವವರ ವಿಷಯ ಬರೆಯಲು ಹೋದರೆ ಬೇರೆ ಲೇಖನವೇ ಬೇಕು.

ಆಪರೇಷನ್ ಎಂದು ನಿಶ್ಚಯವಾದ ಮೇಲೆ ಸ್ಕ್ರೂ ಹಾಕಬೇಕೇ ಬೇಡವೇ ಎಂಬ ಪ್ರಶ್ನೆ ಬಂತು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮೂಳೆ ಕೊಂಚ ಮುಂದೆ ಜಾರಿದೆ, ಸ್ಕ್ರೂ ಮತ್ತು ಸರಳು ಹಾಕಿ ಬೆಸೆಯಬೇಕು ಎಂದಿದ್ದರು. ನಮ್ಮ ವೈದ್ಯರು ಬಾಗಿಸಿ ಒಂದು, ಹಿಂದಕ್ಕೆ ಒರಗಿಸಿ ಒಂದು ಎಕ್ಸ್‌ರೇ ತೆಗೆಸಿ, ಮೂಳೆ ಅಲುಗಾಡುತ್ತಿಲ್ಲ, ನರದ ಮೇಲಿನ ಒತ್ತಡ ತೆಗೆದರೆ ಸಾಕು ಎಂದರು. ಸ್ವೀಡನ್ನಿನಲ್ಲಿ 50ರಿಂದ 80 ವರ್ಷದೊಳಗಿನ 247 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಗಿದೆ, ಅದರಲ್ಲಿ ಬೆಸುಗೆ ಸೇರಿಸಿದವರಿಗೂ ಬರೀ ಒತ್ತಡ ತೆಗೆದವರಿಗೂ ಎರಡು ವರ್ಷಗಳ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂದೂ ವಿವರಿಸಿದರು. ಜೊತೆಗೆ, ಮೂಳೆ ನಿಜಕ್ಕೂ ಅಲುಗಾಡುತ್ತಿದ್ದರೆ ತಾವೂ ಸ್ಕ್ರೂ ಹಾಕುತ್ತಿದ್ದೆವು ಎಂದು ಸೇರಿಸಿದರು. ಆ ಕೊನೆಯ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಸಕ್ಕರೆಯ ಮೂರು ತಿಂಗಳ ಸರಾಸರಿ, ಇಸಿಜಿ, ಎಕೋ, ಹೃದಯಕ್ಕೆಂದು ನುಂಗುತ್ತಿದ್ದ ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರು ಹೇಳಿದ ದಿನದಿಂದ ನಿಲ್ಲಿಸುವುದು, ಕಟ್ಟಿಸಿದ ಹಲ್ಲು ತೆಗೆದಿಡುವುದು. ಇವೆಲ್ಲ ಎಲ್ಲರಿಗೂ ಆಗುವಂಥವೇ.

ಆಪರೇಷನ್ ಆದ ರಾತ್ರಿಯದು ಮಾತ್ರ ಹೇಳಲೇಬೇಕು. ನನಗೆ ನೆನಪಿಲ್ಲ, ಮಗಳು ಹೇಳಿದ್ದು. ನಡುರಾತ್ರಿ ಎದ್ದು ಕೂರಲು ಹೋಗಿ, ಮಂಚದ ಕಂಬಿ ಹಿಡಿದುಕೊಂಡು, ‘ಆನಗೋಡು, ಹೆಬ್ಬಾಳು, ಭರಮಸಾಗರ, ಸಿರಿಗೆರೆ ಕ್ರಾಸ್, ದುರ್ಗ’ ಎಂದು ಕೂಗಲು ಶುರು ಮಾಡಿದೆನಂತೆ. ಪಕ್ಕದ ಮಂಚದವರ ಹತ್ತಿರ ಚಿಲ್ಲರೆ ಕೇಳಿದೆನಂತೆ. ಮಗಳಿಗೆ ಜೀವವೇ ಹಾರಿಹೋಯಿತು. ಅಪ್ಪನಿಗೆ ಬುದ್ಧಿಭ್ರಮಣೆಯಾಯಿತು, ಬೆನ್ನಿಗೆ ಹೋಗಿ ತಲೆ ಕೆಡಿಸಿದರು ಎಂದು ಅತ್ತಳು. ರಾತ್ರಿ ಪಾಳಿಯ ನರ್ಸ್ ಮಾತ್ರ ಗಾಬರಿಯಾಗಲಿಲ್ಲ. ಅರಿವಳಿಕೆ, ನೋವಿನ ಔಷಧ, ನಿದ್ದೆಗೇಡು, ಗುರುತಿಲ್ಲದ ಜಾಗ ಇವೆಲ್ಲ ಸೇರಿದಾಗ ವಯಸ್ಸಾದವರಿಗೆ ಹೀಗಾಗುವುದುಂಟು. ಇದನ್ನು ಡೆಲಿರಿಯಂ ಎನ್ನುತ್ತಾರೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಆಕೆ ವೈದ್ಯರಿಗೆ ಫೋನು ಮಾಡಿ, ಸೋಂಕು ಅಥವಾ ಸಕ್ಕರೆಯ ಏರುಪೇರು ಇದೆಯೇ ಎಂದು ನೋಡಿ, ನನ್ನ ಕನ್ನಡಕ ಹಾಕಿಸಿ, ಗುರುತಿನ ಮುಖ ಒಂದು ಎದುರಿಗೆ ಇರಲಿ ಎಂದು ಮಗಳನ್ನು ಹತ್ತಿರ ಕೂರಿಸಿದರು. ಹಗಲು ಕಿಟಕಿ ತೆರೆದಿಡಿ, ಇವತ್ತು ಯಾವ ವಾರ ಎಂದು ಆಗಾಗ ಹೇಳುತ್ತಿರಿ ಎಂದರು. ಎರಡನೆಯ ರಾತ್ರಿ ನಾನು ಯಾವ ಊರಿಗೂ ಹೋಗಲಿಲ್ಲ. ವಯಸ್ಸಾದವರನ್ನು ಆಪರೇಷನ್ನಿಗೆ ಕರೆತರುವ ಮಕ್ಕಳಿಗೆ ಈ ಒಂದು ವಿಷಯವನ್ನು ಯಾರಾದರೂ ಮೊದಲೇ ಹೇಳಿಡಬೇಕು.

ಏಳುವುದನ್ನು ಫಿಸಿಯೋಥೆರಪಿಯ ಹುಡುಗಿ ಕಲಿಸಿದಳು. ಮೊಣಕಾಲು ಮಡಚಿ, ಭುಜ ಮತ್ತು ಸೊಂಟವನ್ನು ಒಟ್ಟಿಗೇ ಹೊರಳಿಸಿ ಪಕ್ಕಕ್ಕೆ ತಿರುಗಬೇಕು. ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತಲೇ ಕೈಯೂರಿ ಮೇಲೇಳಬೇಕು. ನಡುವೆ ಸೊಂಟ ತಿರುಚಬಾರದು. ವಾಕರ್ ಹಿಡಿದು ನಿಂತೆ. ಗಾಯ ಉರಿಯುತ್ತಿತ್ತು. ಕಾಲಿನ ಸೆಳೆತ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದೆ. ಬಾಗಿಲ ತನಕ ಹೋದೆ, ಬರಲಿಲ್ಲ. ನರ್ಸುಗಳ ಕೌಂಟರ್ ದಾಟಿದೆ, ಬರಲಿಲ್ಲ. ಅಲ್ಲೇ ನಿಂತು ಕಣ್ಣೊರೆಸಿಕೊಂಡೆ. ‘ಅಜ್ಜ, ತಲೆ ಸುತ್ತುತ್ತಿದೆಯೇ?’ ಎಂದು ಕೇಳಿದಳು. ಇಲ್ಲವೆಂದೆ.

ಪುಸ್ತಕಗಳು ಬರೆಯದ, ಗಂಡಸರು ಹೇಳಿಕೊಳ್ಳದ ಸಂಕಟಗಳೆಂದರೆ ಮೂತ್ರ ಮತ್ತು ಮಲದ್ದು. ಮೂತ್ರದ ನಳಿಕೆ ತೆಗೆದ ಮೇಲೆ ನನಗೆ ಮೂತ್ರ ಹೋಗಲಿಲ್ಲ. ಪ್ರಾಸ್ಟೇಟ್ ದೊಡ್ಡದಾಗಿರುವ ಮುದುಕರಲ್ಲಿ ಇದು ಹೊಸತಲ್ಲವಂತೆ. ನಳಿಕೆ ಮತ್ತೆ ಹಾಕಿ, ಮಾತ್ರೆ ಕೊಟ್ಟು, ಆಮೇಲೆ ತೆಗೆದರು. ಇನ್ನು ಟ್ರಮಡಾಲ್ ಜಾತಿಯ ನೋವಿನ ಮಾತ್ರೆಗಳು ಹೊಟ್ಟೆಯನ್ನು ಕಟ್ಟಿಹಾಕಿದ ಪರಿ ಹೇಳತೀರದು. ಮುಕ್ಕರಿದರೆ ಗಾಯ ನೋಯುತ್ತದೆ, ಮುಕ್ಕರಿಯದಿದ್ದರೆ ಕೆಲಸವಾಗುವುದಿಲ್ಲ. ಮಲ ಸಡಿಲಿಸುವ ಔಷಧವನ್ನು ನೋವಿನ ಮಾತ್ರೆಯ ಜೊತೆಗೇ ಶುರು ಮಾಡಬೇಕು, ಹೊಟ್ಟೆ ಕಟ್ಟಿದ ಮೇಲಲ್ಲ.

ನನ್ನ ಎದುರಿನ ಮಂಚದಲ್ಲಿ ಜಗಳೂರಿನ ಕಡೆಯ ಹೆಂಗಸೊಬ್ಬರಿದ್ದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ಹೊಲದ ಕೆಲಸ ಮಾಡಿಯೇ ಬದುಕಿದವರು. ಅವರ ಮೂಳೆ ನಿಜಕ್ಕೂ ಜಾರಿ ಅಲುಗಾಡುತ್ತಿತ್ತು, ಸ್ಕ್ರೂ ಹಾಕಿದ್ದರು. ಬಿಡುಗಡೆಯ ದಿನ ಅವರಿಗೂ ನಮ್ಮಂತೆಯೇ ಚೀಟಿ ಕೊಟ್ಟರು: ಬಾಗಬೇಡಿ, ಭಾರ ಎತ್ತಬೇಡಿ, ಸೊಂಟ ತಿರುಚಬೇಡಿ. ಆಕೆ ಓದಿಸಿಕೊಂಡು ಕೇಳಿ, ‘ಹಾಗಾದರೆ ಒಲೆ ಯಾರು ಹಚ್ಚಬೇಕು, ಕೊಡ ಯಾರು ಎತ್ತಬೇಕು?’ ಎಂದರು. ಮಗ ಬೆಂಗಳೂರಿನಲ್ಲಿ, ಸೊಸೆ ಅವನ ಜೊತೆ. ಕೊನೆಗೆ ಕಟ್ಟೆಯ ಮೇಲೆ ಗ್ಯಾಸ್ ಇಡಿಸುವುದು, ಕೊಡದ ಬದಲು ಚೊಂಬಿನಲ್ಲಿ ನೀರು ಸಾಗಿಸುವುದು ಎಂದು ಫಿಸಿಯೋಥೆರಪಿಯ ಹುಡುಗಿಯೇ ಕುಳಿತು ಅವರ ಅಡುಗೆಮನೆಯ ಲೆಕ್ಕ ಹಾಕಿದಳು. ನನಗೆ ಮಲಗು ಮಲಗು ಎನ್ನುವವರು ಒಂದು ದಂಡೇ ಇದ್ದರು. ಆಕೆಗೆ ಹಾಗೆ ಹೇಳುವವರು ಒಬ್ಬರೂ ಇರಲಿಲ್ಲ. ಯಾರ ಸೊಂಟ ಮೊದಲು ನೆಟ್ಟಗಾಗುತ್ತದೆ ಎಂಬುದನ್ನು ಆಪರೇಷನ್ ಒಂದೇ ತೀರ್ಮಾನಿಸುವುದಿಲ್ಲ ಎಂದು ನನಗೆ ಆಗ ತೋಚಿತು.

ಮನೆಗೆ ಬಂದ ಮೇಲೆ ದಂಡು ಇಳಿಯಿತು. ಬ್ರೆಡ್ಡು, ಮೋಸಂಬಿ, ಎಳನೀರು, ಮತ್ತು ತಲೆಗೊಂದರಂತೆ ಕೆಟ್ಟ ಕಥೆ. ಅವರ ಭಾವ ಹಾಸಿಗೆ ಹಿಡಿದದ್ದು, ಇವರ ಬೀಗರು ಕಾಲು ಕಳೆದುಕೊಂಡದ್ದು. ಹೆಂಡತಿಯ ಅಕ್ಕ ಹರಿಹರದಿಂದ ಬಂದು ಅಡುಗೆಮನೆಯ ಅಧಿಕಾರ ವಹಿಸಿಕೊಂಡರು. ಬದನೆಕಾಯಿ ನಂಜು, ಮೊಸರು ಶೀತ, ಬೇಳೆ ವಾಯು, ಮೊಟ್ಟೆಯ ಮಾತೇ ಇಲ್ಲ. ಉಳಿದದ್ದು ಗಂಜಿ, ತಿಳಿಸಾರು. ಗಾಯ ಮಾಯಲು ಪ್ರೋಟೀನ್ ಬೇಕು, ಬೇಳೆ, ಕಾಳು, ಹಾಲು, ಮೊಸರು ಧಾರಾಳವಾಗಿ ಕೊಡಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಅಕ್ಕನವರ ಮುಂದೆ ಆಸ್ಪತ್ರೆ ಸೋತಿತು.

ನಡೆಯುವುದರ ಮೇಲೂ ಅವರ ನಿಷೇಧವಿತ್ತು. ನಾನು ಏಳುವ ಸದ್ದಾದರೆ ಸಾಕು, ಇಬ್ಬರೂ ಓಡಿಬಂದು ಎರಡೂ ತೋಳು ಹಿಡಿಯುತ್ತಿದ್ದರು. ನೀರಿನ ಲೋಟ, ಪೇಪರು, ಟಿವಿಯ ರಿಮೋಟು ಎಲ್ಲ ಮಂಚಕ್ಕೇ ಬರುತ್ತಿದ್ದವು. ಸುಖವಾಗಿಯೇ ಇತ್ತು, ಅದೇ ಅಪಾಯ. ಮನೆಗೆ ಬಂದು ನೋಡಿದ ಫಿಸಿಯೋಥೆರಪಿಯ ಹುಡುಗಿ ನನ್ನ ತೊಡೆಯನ್ನು ಮುಟ್ಟಿ, ಅಕ್ಕನವರನ್ನು ಕೂರಿಸಿಕೊಂಡು, ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯ ವಿಷಯ ಹೇಳಿದಳು. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ್ದರಂತೆ. ಕಾಲುಗಳಲ್ಲೇ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. 2007ರಲ್ಲಿ ಪ್ರಕಟವಾದದ್ದು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕಫ ಕಟ್ಟಬಹುದು ಎಂದೂ ಹೇಳಿದಳು. ಅಕ್ಕನವರು ಬೇರೆ ಯಾವುದಕ್ಕೂ ಜಗ್ಗಲಿಲ್ಲ, ಆ ಒಂದು ಕಿಲೋಗೆ ಜಗ್ಗಿದರು. ತೂಕದ ಲೆಕ್ಕ ಅವರಿಗೆ ಅರ್ಥವಾಗುವಂಥದ್ದು. ಮರುದಿನದಿಂದ ಸಾರಿನಲ್ಲಿ ಬೇಳೆ ಕಾಣಿಸಿತು, ನನ್ನ ಲೋಟ ಅಡುಗೆಮನೆಯಲ್ಲೇ ಉಳಿಯಿತು.

ಮೊದಲು ಪಡಸಾಲೆಯಲ್ಲಿ, ಆಮೇಲೆ ಬೆಳಗಿನ ವಾಹನಗಳು ಶುರುವಾಗುವ ಮೊದಲು ಬೀದಿಯಲ್ಲಿ. ಒಂದೇ ಸಲ ದೂರ ಹೋಗುವುದಕ್ಕಿಂತ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ. ಸೊಂಟದ ಬೆಲ್ಟ್ ಕೆಲವು ವಾರಗಳಿಗೆ ಮಾತ್ರ, ಅದೂ ಎದ್ದು ಓಡಾಡುವಾಗ ಎಂದಿದ್ದರು. ಸದಾ ಕಟ್ಟಿಕೊಂಡಿದ್ದರೆ ಬೆನ್ನಿನ ಸ್ನಾಯುಗಳು ತಮ್ಮ ಕೆಲಸ ಮರೆಯುತ್ತವೆ. ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಆ ಬೆಲ್ಟಿನೊಳಗೆ ಬೆವರುಸಾಲೆ ಎದ್ದು, ಬಿಡುವ ದಿನವನ್ನು ನಾನು ಹಬ್ಬದಂತೆ ಕಾದೆ.

ನಮ್ಮ ಮನೆಗಳು ಕೂರುವುದನ್ನೆಲ್ಲ ನೆಲಮಟ್ಟದಲ್ಲಿ ಇಟ್ಟಿವೆ. ಊಟ ಚಾಪೆಯ ಮೇಲೆ, ಪೂಜೆ ಮಣೆಯ ಮೇಲೆ, ಶೌಚ ಕುಕ್ಕರುಗಾಲಿನಲ್ಲಿ. ಆಪರೇಷನ್ನಿಗೆ ಮುಂಚೆಯೇ ಎತ್ತರದ ಕಮೋಡ್ ಕುರ್ಚಿ ತರಿಸಿ, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದ್ದು ಮಗಳ ಜಾಣತನ. ದುಗ್ಗಮ್ಮನ ಗುಡಿಯಲ್ಲಿ ನೆಲಕ್ಕೆ ಹಣೆ ಮುಟ್ಟಿಸದೆ ನಿಂತೇ ಕೈಮುಗಿದು ಬಂದಾಗ ಒಂದು ಬಗೆಯ ಕಸಿವಿಸಿಯಾಯಿತು. ಪೂಜಾರಿ ನೋಡಲೂ ಇಲ್ಲ. ಮದುವೆ ಮನೆಗಳಲ್ಲಿ ಕುರ್ಚಿ ಕೇಳುವುದಕ್ಕೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಸುತ್ತ ನೋಡಿದರೆ ನನ್ನ ಓರಗೆಯವರೆಲ್ಲ ಮೊಣಕಾಲಿನ ಹೆಸರು ಹೇಳಿಕೊಂಡು ಕುರ್ಚಿಯಲ್ಲೇ ಕುಳಿತಿದ್ದರು.

ಕಾಲಿನ ನೋವು ಹೋದರೂ ಬಲ ಪಾದದ ಜೋಮು ಹೋಗಲಿಲ್ಲ. ತೆಳುವಾದ ಕಾಲುಚೀಲ ಹಾಕಿಕೊಂಡೇ ನೆಲ ಮುಟ್ಟಿದ ಹಾಗೆ. ಚಪ್ಪಲಿ ಕಳಚಿ ಹಿಂದೆ ಉಳಿದರೂ ನನಗೆ ತಿಳಿಯುತ್ತಿರಲಿಲ್ಲ, ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಯಾರೋ ಕೂಗಿ ಹೇಳುತ್ತಿದ್ದರು. ಹಿಂಬದಿಗೆ ಪಟ್ಟಿ ಇರುವ ಚಪ್ಪಲಿ ಕೊಂಡೆ. ಸಕ್ಕರೆ ಕಾಯಿಲೆಯೂ ಇರುವುದರಿಂದ ರಾತ್ರಿ ಪಾದ ತಿರುಗಿಸಿ ಗಾಯವಾಗಿದೆಯೇ ಎಂದು ನೋಡುವುದು ಅಭ್ಯಾಸವಾಯಿತು. ನರ ಮತ್ತೆ ಚಿಗುರುವುದಿದ್ದರೂ ದಿನಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕ, ಸೊಂಟದಿಂದ ಪಾದ ಎಷ್ಟು ದೂರ ನೀವೇ ನೋಡಿ ಎಂದರು ವೈದ್ಯರು. ಬಹುಕಾಲ ಒತ್ತಿಹೋದ ನರ ಪೂರ್ತಿ ಸರಿಹೋಗದೆಯೂ ಇರಬಹುದು ಎಂಬುದನ್ನು ಅವರು ಆಪರೇಷನ್ನಿಗೆ ಮೊದಲೇ ಹೇಳಿದ್ದರು.

ಹೊಲಿಗೆ ಬಿಚ್ಚಿ ಸ್ವಲ್ಪ ದಿನವಾಗಿತ್ತು. ಒಂದು ಗೃಹಪ್ರವೇಶದಲ್ಲಿ ಬಹಳ ಹೊತ್ತು ಕುಳಿತು ಬಂದ ರಾತ್ರಿ ಹಳೆಯ ಸೆಳೆತ ತೊಡೆಯಲ್ಲಿ ಮಿಂಚಿತು. ಎಲ್ಲ ಮುಗಿಯಿತು, ಮೊದಲಿನ ಸ್ಥಿತಿಗೇ ಬಂದೆ ಎಂದು ಬೆಳಗಾಗುವವರೆಗೆ ನಿದ್ದೆಯಿಲ್ಲ. ಬೆಳಿಗ್ಗೆ ಮನೆಯವರ ತೀರ್ಪು ಸಿದ್ಧವಾಗಿತ್ತು: ನಡೆದದ್ದು ಹೆಚ್ಚಾಯಿತು. ವೈದ್ಯರು ಪರೀಕ್ಷಿಸಿ, ಪಾದದ ಬಲ ಸರಿಯಾಗಿದೆ, ಒತ್ತಡ ಬಿಟ್ಟ ನರ ಕೆಲವು ವಾರ ಹೀಗೆ ಕೆರಳುತ್ತದೆ, ತೊಂದರೆ ಕೊಟ್ಟದ್ದು ಕುಳಿತದ್ದೇ ಹೊರತು ನಡೆದದ್ದಲ್ಲ ಎಂದರು. ಹೆದರಬೇಕಾದ್ದು ಯಾವುದಕ್ಕೆ ಎಂದು ಕೇಳಿದೆ. ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು, ಒಂದು ಕಾಲು ಊದಿ ನೋಯುವುದು, ಪಾದ ಎತ್ತಲಾಗದಿರುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕೂರುವ ಭಾಗದ ಸುತ್ತ ಸ್ಪರ್ಶ ಹೋಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯದೆ ಬನ್ನಿ ಎಂದರು. ಮಗಳು ಬರೆದು ಫ್ರಿಜ್ಜಿಗೆ ಅಂಟಿಸಿದಳು. ಹೆದರಿಕೆಗೆ ಒಂದು ಪಟ್ಟಿ ಸಿಕ್ಕಮೇಲೆ ಉಳಿದ ನೋವುಗಳ ಜೊತೆ ನಿದ್ದೆ ಮಾಡುವುದು ಸುಲಭವಾಯಿತು.

ತಪಾಸಣೆಗೆ ಹೋದಾಗಲೆಲ್ಲ ಭೇಟಿಯಾಗುತ್ತಿದ್ದ ಹರಿಹರದ ನಿವೃತ್ತ ಮೇಷ್ಟರ ಸ್ಥಿತಿ ಬೇರೆ. ಆಪರೇಷನ್ ನನ್ನದೇ, ಎಂಆರ್‌ಐ ನನ್ನದಕ್ಕಿಂತ ಚೆನ್ನಾಗಿತ್ತು. ಆದರೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಹೆಂಡತಿ ತೀರಿಹೋಗಿ ಹೆಚ್ಚು ಕಾಲವಾಗಿರಲಿಲ್ಲ. ನಡೆದು ಎಲ್ಲಿಗೆ ಹೋಗಲಿ ಎಂದು ಒಮ್ಮೆ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ವೈದ್ಯರು ಅವರನ್ನು ಮನೋವೈದ್ಯರ ಬಳಿಗೂ ಕಳಿಸಿದರು, ಅದು ಸರಿಯೆಂದೇ ನನಗೆ ಅನ್ನಿಸಿತು.

ಮೊದಲ ಬಸ್ ಪ್ರಯಾಣ ಚಿತ್ರದುರ್ಗಕ್ಕೆ, ನೆಂಟರ ಮನೆಗೆ. ಈ ವಿಷಯದಲ್ಲಿ ನನಗೆ ಯಾವ ವೈದ್ಯರ ಸಲಹೆಯೂ ಬೇಕಾಗಿರಲಿಲ್ಲ. ಹಿಂದಿನ ಚಕ್ರದ ಆಚೆಗಿನ ಸೀಟುಗಳು ಸೊಂಟದ ಶತ್ರುಗಳು, ಪ್ರತಿ ಉಬ್ಬಿಗೂ ಎತ್ತಿ ಹಾಕುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟುಗಳಲ್ಲಿ ಕುಲುಕಾಟ ಕಡಿಮೆ. ಅದರಲ್ಲೂ ಓಣಿಯ ಕಡೆಯ ಸೀಟು, ಕಾಲು ಚಾಚಿ ಆಗಾಗ ಎದ್ದು ನಿಲ್ಲಬಹುದು. ಬೆನ್ನಿನ ಹಿಂದೆ ಸುತ್ತಿದ ಟವೆಲ್. ಹೆದ್ದಾರಿ ನುಣ್ಣಗಿದೆ, ಊರೊಳಗಿನ ಹಂಪ್‌ಗಳೇ ಕಷ್ಟ. ಭರಮಸಾಗರದಲ್ಲಿ ಎದ್ದು ನಿಂತೆ. ಕಂಡಕ್ಟರ್ ಹುಡುಗ, ‘ಕೂತುಕೊಳ್ಳಿ ಅಜ್ಜ, ಬೀಳುತ್ತೀರಿ’ ಎಂದು ಗದರಿದ. ಇವನೂ ಆ ಪಕ್ಷದವನೇ.

ಈಗ ಗಡಿಯಾರ ಕಂಬದವರೆಗೆ ಎಲ್ಲೂ ಕೂರದೆ ಹೋಗುತ್ತೇನೆ. ಬೆಳಿಗ್ಗೆ ಎದ್ದಾಗ ಸೊಂಟ ಬಿಗಿದಿರುತ್ತದೆ, ಬಿಸಿನೀರು ಹುಯ್ದುಕೊಂಡರೆ ಸಡಿಲವಾಗುತ್ತದೆ. ಆಪರೇಷನ್ ನಡೆದದ್ದು ಕಾಲಿನ ನೋವಿಗೆ, ವಯಸ್ಸಾದ ಸೊಂಟದ ಬಿಗಿತ ಉಳಿಯಬಹುದು ಎಂದು ಮೊದಲೇ ಹೇಳಿದ್ದರಿಂದ ಬೇಸರವಿಲ್ಲ. ಬಲಪಾದದ ಮೂರು ಬೆರಳುಗಳಲ್ಲಿ ಜೋಮು ಇನ್ನೂ ಇದೆ. ಅಕ್ಕಿಯ ಚೀಲ ಎತ್ತುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಮಲಗಿ ಎನ್ನುತ್ತಾಳೆ, ಆಗ ಮಾತ್ರ ಮಲಗುತ್ತೇನೆ.

ಕಾಲುನೋವಿನವರು ಈಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ, ಆಪರೇಷನ್ ಮಾಡಿಸಿಕೊಳ್ಳಲೇ ಎಂದು ಕೇಳುತ್ತಾರೆ. ಅದನ್ನು ನಾನು ಹೇಳುವುದಿಲ್ಲ. ಕುಳಿತರೆ ಹೋಗುತ್ತದೆಯೋ, ನಿಂತರೂ ಹೋಗುತ್ತದೆಯೋ ಎಂದು ಮಾತ್ರ ಕೇಳುತ್ತೇನೆ. ನನ್ನ ಜೊತೆ ಬಹಳ ಕಾಲ ಬಸ್ ಓಡಿಸಿದ ಡ್ರೈವರ್ ಗೆಳೆಯ ನಿಂತರೂ ಹೋಗುತ್ತದೆ, ಸೈಕಲ್ಲಿನಲ್ಲೂ ಬರುತ್ತದೆ ಎಂದ. ಕರೆದುಕೊಂಡು ಹೋದೆ. ವೈದ್ಯರು ಪಾದ ಮುಟ್ಟಿದರು, ನಾಡಿ ಸಿಗಲಿಲ್ಲ. ಅವನ ಬೆನ್ನುಮೂಳೆ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇತ್ತು. ಕಟ್ಟಿಕೊಂಡದ್ದು ಕಾಲಿನ ರಕ್ತನಾಳ, ಕಾರಣಗಳಲ್ಲಿ ಮೊದಲನೆಯದು ಬೀಡಿ. ಬಿಟ್ಟಿದ್ದೇನೆ ಎಂದು ಅವನು ಹೇಳುತ್ತಾನೆ. ಅವನ ಹೆಂಡತಿ ಬೇರೆಯೇ ಹೇಳುತ್ತಾಳೆ.